ಯುಗಾದಿಯಿಂದ ಯುಗಾದಿಗೆ

ಸಂವತ್ಸರವೊಂದು ಮುಗಿದಾಗ ವ್ಯಾಪಾರಸ್ಥರು ಜಮಾಖರ್ಚಿನ ಪುಸ್ತಕ ತೆಗೆದು ನೋಡುತ್ತಾರೆ; ಒಕ್ಕಲಿಗರು ಮನೆಯ ಹಗೇವು ಕಣಜಗಳನ್ನು ನೋಡುತ್ತಾರೆ. ಕಾಲುಗಳು ಎಲ್ಲೆಲ್ಲಿ ನಡೆದವು, ಮೈ ಎಷ್ಟು ಬೆವರಿತು, ಆ ಬೆವರಿನಿಂದ ಮನಸ್ಸು ಏನನ್ನು ಕಲಿಯಿತು ಎಂಬ ಲೆಕ್ಕವನ್ನು ಬರೆದಿಡುವವರು ವಿರಳ. ಕ್ರೋಧಿ ನಾಮ ಸಂವತ್ಸರದಲ್ಲಿ, ಎಂದರೆ 2024ರ ಏಪ್ರಿಲ್ 9ರ ಯುಗಾದಿಯಿಂದ 2025ರ ಮಾರ್ಚ್ 30ರ ಯುಗಾದಿಯವರೆಗೆ, ನಮ್ಮ ಮನೆಯವರು ಮಲ್ಲಟದಿಂದ ಹೊರಟು ನಡೆದದ್ದನ್ನೂ ಆಡಿದ್ದನ್ನೂ ಹತ್ತಿ ಇಳಿದದ್ದನ್ನೂ ಇಲ್ಲಿ ಬರೆದಿದ್ದೇವೆ. ಇದು ದೊಡ್ಡ ಸಾಹಸದ ಕಥೆಯಲ್ಲ. ಆದರೆ ಹೆಣ್ಣುಮಕ್ಕಳಿರುವ ಪ್ರತಿಯೊಂದು ಶರಣ ಕುಟುಂಬವೂ ಎಂದಾದರೊಂದು ದಿನ ಉತ್ತರಿಸಬೇಕಾದ ಪ್ರಶ್ನೆಯೊಂದು ಈ ವರ್ಷ ನಮ್ಮ ಅಂಗಳಕ್ಕೆ ಬಂದಿತ್ತು.

ಮಲ್ಲಟವು ರಾಯಚೂರು ಜಿಲ್ಲೆಯ ಕರಿನೆಲದ ಊರು. ಹಿಂದೆ ಮಾನ್ವಿ ತಾಲ್ಲೂಕಿಗೆ ಸೇರಿದ್ದ ಈ ಗ್ರಾಮ ಈಗ ಸಿರವಾರ ತಾಲ್ಲೂಕಿನಲ್ಲಿದೆ. ಒಂದು ಕಡೆಗೆ ದೇವದುರ್ಗ, ಇನ್ನೊಂದು ಕಡೆಗೆ ಮಾನ್ವಿ, ಮತ್ತೊಂದು ಕಡೆಗೆ ರಾಯಚೂರು ನಗರ. ಉತ್ತರದಲ್ಲಿ ಕೃಷ್ಣೆ, ದಕ್ಷಿಣದಲ್ಲಿ ತುಂಗಭದ್ರೆ. ಈ ಎರಡು ನದಿಗಳ ನಡುವಣ ನೆಲಕ್ಕಾಗಿ ವಿಜಯನಗರದ ಅರಸರೂ ಬಹಮನಿ, ಬಿಜಾಪುರದ ಸುಲ್ತಾನರೂ ತಲೆಮಾರುಗಳ ಕಾಲ ಕಾದಾಡಿದರು. ಇಂಥ ಸೀಮೆಯಲ್ಲಿ ಹುಟ್ಟಿದ ಮಕ್ಕಳು ತಮ್ಮ ನೆಲವನ್ನೇ ಕಾಣದೆ ಬೆಳೆಯುವುದು ಸರಿಯಲ್ಲವೆಂದು ನಾವು ಆ ಯುಗಾದಿಯಂದು ಬೇವುಬೆಲ್ಲ ಹಂಚುವಾಗ ಒಂದು ನೇಮ ಮಾಡಿಕೊಂಡೆವು: ಆದಷ್ಟು ಸಲ ಮನೆಯವರೆಲ್ಲ ಕೂಡಿ ಬಯಲಿಗೆ ಹೋಗುವುದು, ವಾಹನ ನಿಲ್ಲುವಲ್ಲಿಂದ ಮುಂದೆ ಕಾಲ್ನಡಿಗೆಯಲ್ಲೇ ಸಾಗುವುದು.

ಅಂಗೈಯಲ್ಲಿ ಇಷ್ಟಲಿಂಗವಿರುವಾಗ ಊರೂರು ಅಲೆಯುವುದೇಕೆ ಎಂದು ಕೇಳುವ ಬಂಧುಗಳು ನಮ್ಮಲ್ಲುಂಟು. ಆ ಪ್ರಶ್ನೆ ನ್ಯಾಯವಾದುದೇ. ಪುಣ್ಯ ಸಂಪಾದಿಸಲೆಂದು ಕ್ಷೇತ್ರ ಸುತ್ತುವುದನ್ನು ಶರಣರು ಒಪ್ಪಲಿಲ್ಲ. ಆದರೆ ಅವರು ಕುಳಿತಲ್ಲೇ ಕುಳಿತವರೂ ಅಲ್ಲ. ಬಸವಣ್ಣನವರು ಬಾಗೇವಾಡಿಯನ್ನು ಬಿಟ್ಟು ಕೂಡಲಸಂಗಮಕ್ಕೆ, ಮುಂದೆ ಕಲ್ಯಾಣಕ್ಕೆ ಹೋದರು. ಅಕ್ಕಮಹಾದೇವಿಯವರು ಉಡುತಡಿಯಿಂದ ಕಲ್ಯಾಣಕ್ಕೂ ಅಲ್ಲಿಂದ ಶ್ರೀಶೈಲಕ್ಕೂ ನಡೆದರು. ಕಲ್ಯಾಣದ ವಿಪ್ಲವದ ನಂತರ ಚನ್ನಬಸವಣ್ಣನವರೊಂದಿಗೆ ಶರಣರು ಉಳವಿಯ ಅರಣ್ಯದವರೆಗೆ ಸಾಗಿದರು. ಅವರ ನಡಿಗೆ ಅರಿವಿನ ನಡಿಗೆ. ಆ ಅರ್ಥದಲ್ಲಿ ಮಾತ್ರ ನಾವೂ ಹೊರಟೆವು.

ರಾಯಚೂರಿನ ಬೇಸಿಗೆಯನ್ನು ಬಲ್ಲವರಿಗೆ ಏಪ್ರಿಲ್, ಮೇ ತಿಂಗಳುಗಳಲ್ಲಿ ಬಯಲಿಗಿಳಿಯುವ ಮಾತನ್ನು ವಿವರಿಸಬೇಕಾಗಿಲ್ಲ. ಆ ಎರಡು ತಿಂಗಳು ನಸುಕಿನಲ್ಲೆದ್ದು, ಬಿಸಿಲೇರುವ ಮುನ್ನ ಹೊಲದ ದಾರಿಯಲ್ಲಿ ನಡೆದು ಮರಳುವುದಷ್ಟೇ ನಮ್ಮ ಅಭ್ಯಾಸವಾಯಿತು. ಜೂನ್ ತಿಂಗಳಲ್ಲಿ ಮೊದಲ ಮಳೆ ಬಿದ್ದ ಮೇಲೆ ಕಾರಹುಣ್ಣಿಮೆಯ ವೇಳೆಗೆ ರಾಯಚೂರು ನಗರಕ್ಕೆ ಹೋದೆವು. ಅಲ್ಲಿ ಮುನ್ನೂರು ಕಾಪು ಸಮಾಜದವರು ನಡೆಸುವ ಮುಂಗಾರು ಹಬ್ಬದಲ್ಲಿ ಎತ್ತುಗಳಿಂದ ಭಾರವಾದ ಕಲ್ಲು ಎಳೆಸುವ ಸ್ಪರ್ಧೆ ಪ್ರಸಿದ್ಧವಾದುದು. ಟನ್ನುಗಟ್ಟಲೆ ತೂಗುವ ಕಲ್ಲನ್ನು ನಿಗದಿತ ಸಮಯದಲ್ಲಿ ಯಾವ ಜೋಡಿ ಹೆಚ್ಚು ದೂರ ಎಳೆಯುವುದೋ ಆ ಜೋಡಿಗೆ ಬಹುಮಾನ. ಎತ್ತಿನ ಮೈದಡವಿ, ಹೆಸರು ಹಿಡಿದು ಕರೆದು ಮುಂದಕ್ಕೆ ನಡೆಸುವ ಒಕ್ಕಲಿಗನನ್ನು ಕಂಡಾಗ ಹೃದಯ ತುಂಬುತ್ತದೆ. ದನವನ್ನು ಹೊಡೆದು ಗೆಲ್ಲುವುದು ಗೆಲುವಲ್ಲವೆಂದು ಮಕ್ಕಳಿಗೆ ಅಲ್ಲಿಯೇ ಹೇಳಿದೆವು. ದಯೆಯನ್ನು ಧರ್ಮದ ಬೇರೆಂದು ನಂಬಿದ ಮನೆಗಳವರು ಆಟದ ಕಣದಲ್ಲಿಯೂ ಅದನ್ನು ಮರೆಯಲಾಗದು.

ಆ ದಿನ ಸಂಜೆ ರಾಯಚೂರಿನ ಕೋಟೆಗೆ ಹೋದೆವು. 1294ರಲ್ಲಿ ಕಾಕತೀಯರ ಅಧೀನದಲ್ಲಿದ್ದ ಗೋರೆ ಗಂಗಯ್ಯ ರೆಡ್ಡಿಯ ಕಾಲಕ್ಕೆ ಸೇರಿದ ಶಾಸನವನ್ನು ಹೊತ್ತ ಮಹಾಶಿಲೆಯೊಂದು ಅಲ್ಲಿನ ಗೋಡೆಯಲ್ಲಿದೆ. ಅದರ ಉದ್ದ 41 ಅಡಿಗಿಂತ ಹೆಚ್ಚು. ಆ ಶಿಲೆಯನ್ನು ಬಂಡಿಯ ಮೇಲೇರಿಸಿ, ಕೋಣಗಳ ಸಾಲು ಹೂಡಿ, ಹಿಂದಿನಿಂದ ಮರದ ಸನ್ನೆಗೋಲು ಕೊಟ್ಟು ಜನರು ತಂದ ಬಗೆಯನ್ನು ಅದೇ ಗೋಡೆಯ ಕಲ್ಲುಗಳಲ್ಲಿ ಕೊರೆದಿದ್ದಾರೆ. ಬೆಳಗ್ಗೆ ಕಣದಲ್ಲಿ ಆಟವಾಗಿ ಕಂಡದ್ದು ಏಳು ನೂರು ವರ್ಷಗಳ ಹಿಂದೆ ಕಾಯಕವಾಗಿತ್ತು. ಅರಸನ ಹೆಸರನ್ನಷ್ಟೇ ಬರೆದು ಮುಗಿಸದೆ ಕಲ್ಲು ಎಳೆದ ಜನರ ಚಿತ್ರವನ್ನೂ ಬಿಡಿಸಿದ ಆ ಶಿಲ್ಪಿಗಳಿಗೆ ನಾವು ಮನಸ್ಸಿನಲ್ಲಿಯೇ ಶರಣೆಂದೆವು.

ಶ್ರಾವಣ ಬಂದಿತು. ಆಗಸ್ಟ್ 9ರಂದು ನಾಗರ ಪಂಚಮಿ. ಊರಿನ ಬೇವಿನ ಮರಗಳಿಗೆ ಜೋಕಾಲಿ ಬಿದ್ದವು. ಮನೆಮನೆಯಲ್ಲಿ ಅಳ್ಳು, ತಂಬಿಟ್ಟು, ಉಂಡಿ. ಗಂಡುಮಕ್ಕಳು ನಿಂಬೆಹಣ್ಣು ಎಸೆಯುವ ಪಂಥ ಕಟ್ಟಿದರು. ಹೆಣ್ಣುಮಕ್ಕಳು ಜೋಕಾಲಿ ಜೀಕಿ ಬೇವಿನ ಎಲೆಗಳನ್ನು ಬಾಯಲ್ಲಿ ಕಚ್ಚಿ ತಂದರು. ಮರುದಿನ ರಾತ್ರಿ ತುಂಗಭದ್ರಾ ಜಲಾಶಯದ 33 ಗೇಟುಗಳಲ್ಲಿ 19ನೆಯದು ಸರಪಳಿ ಕಡಿದು ಕೊಚ್ಚಿಹೋಯಿತೆಂಬ ಸುದ್ದಿ ಬಂದಾಗ ಹಬ್ಬದ ನಗೆ ಮುಖದಿಂದ ಮಾಯವಾಯಿತು. 1953ರಲ್ಲಿ ಕಟ್ಟಿ ಮುಗಿಸಿದ ಆ ಅಣೆಕಟ್ಟಿನ ಎಡದಂಡೆ ಕಾಲುವೆ 227 ಕಿಲೋಮೀಟರು ಹರಿದು ಬರುತ್ತದೆ; ಅದರ ಕೊನೆಯ ಭಾಗದ ರೈತರ ಉಸಿರು ಆ ನೀರಿನಲ್ಲಿದೆ. ಒಂದು ವಾರದೊಳಗೆ ನುರಿತವರು ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟು ಇಳಿಸಿದರು. ಮುಂದೆ ಮಳೆಯಾಗಿ ಜಲಾಶಯ ಮತ್ತೆ ತುಂಬಿತು. ಸೆಪ್ಟೆಂಬರಿನಲ್ಲಿ ಮುನಿರಾಬಾದಿನ ಕಡೆಯಿಂದ ಹೋಗಿ ಆ ನೀರನ್ನು ಕಣ್ಣಾರೆ ಕಂಡು, ಕಾಲುವೆಯ ಏರಿಯ ಮೇಲೆ ಸ್ವಲ್ಪ ದೂರ ನಡೆದು ಬಂದೆವು.

ಮೊದಲೇ ಸೂಚಿಸಿದ ಪ್ರಶ್ನೆ ಎದುರಾದದ್ದು ಆ ದಿನಗಳಲ್ಲಿಯೇ. ಎಂಟನೆಯ ತರಗತಿಯ ನಮ್ಮ ಮಗಳು ಶಾಲೆಯ ಖೋಖೋ ತಂಡಕ್ಕೆ ಆಯ್ಕೆಯಾಗಿದ್ದಳು. ಪಂದ್ಯಕ್ಕೆ ಬೇರೆ ಊರಿಗೆ ಹೋಗಬೇಕು, ಎಲ್ಲರೆದುರು ಓಡಬೇಕು. ಮನೆಗೆ ಬಂದ ಹಿರಿಯ ಬಂಧುವೊಬ್ಬರು ಹುಡುಗಿ ದೊಡ್ಡವಳಾದಳೆಂದೂ, ಇನ್ನು ಓಡಾಟ ಸಾಕೆಂದೂ, ನಾಳೆ ಸಂಬಂಧ ನೋಡುವವರು ಏನೆಂದಾರೆಂದೂ ಹೇಳಿದರು. ಅವರ ಮಾತಿನಲ್ಲಿ ಕೇಡಿನ ಭಾವವಿರಲಿಲ್ಲ; ರೂಢಿಯ ಭಯವಿತ್ತು. ನಾವು ಕ್ಷಣಕಾಲ ಸುಮ್ಮನಾದೆವು. ಮೂಲೆಯಲ್ಲಿ ಕುಳಿತು ಹತ್ತಿ ಬಿಡಿಸುತ್ತಿದ್ದ ನಮ್ಮ ಅವ್ವನವರು ಮಾತ್ರ ಸುಮ್ಮನಿರಲಿಲ್ಲ.

"ಪಂಚಮ್ಯಾಗ ಜೋಕಾಲಿ ಜೀಕಿ ಮುಗಿಲಿಗೆ ಹೋದೋರು ನಾವು. ಆಗ ಯಾರೂ ಬ್ಯಾಡ ಅನಲಿಲ್ಲ. ಈಕಿ ನೆಲದ ಮ್ಯಾಲ ಓಡಿದ್ರ ಏನಾತಪ್ಪ? ಅಕ್ಕ ಒಬ್ಬಾಕಿ ಶ್ರೀಶೈಲದ ತನಕ ನಡದಾಳಲ್ಲ, ಆಕಿನ್ನ ದಿನಾ ನೆನಸ್ತೀವಿ, ಮೊಮ್ಮಗಳನ್ನ ಕಟ್ಟಿ ಹಾಕ್ತೀವೇನು?"

ಬಂಧುಗಳು ಉತ್ತರ ಕೊಡಲಿಲ್ಲ, ಒಪ್ಪಿದೆವೆಂದೂ ಹೇಳಲಿಲ್ಲ. ಮಗಳು ಆಡಲು ಹೋದಳು. ತಂಡ ಎರಡನೆಯ ಪಂದ್ಯದಲ್ಲಿ ಸೋತಿತು. ಮೊಣಕಾಲು ತರಚಿಕೊಂಡು ಬಂದವಳು ಸೋಲಿನ ಮಾತಿಗಿಂತ ಹೆಚ್ಚಾಗಿ ಖೋ ಕೊಡುವ ರೀತಿಯನ್ನೇ ಹೇಳಿದಳು. ಎಂಟು ಜನ ಸಾಲಾಗಿ, ಅಕ್ಕಪಕ್ಕದವರು ವಿರುದ್ಧ ದಿಕ್ಕುಗಳಿಗೆ ಮುಖ ಮಾಡಿ ಕುಳಿತಿರುತ್ತಾರೆ. ಓಡುವವಳು ತಾನು ಹಿಡಿಯಲಾಗದಾಗ ಕುಳಿತವಳನ್ನು ಎಬ್ಬಿಸಿ ಅವಳ ಸ್ಥಾನದಲ್ಲಿ ಕೂರಬೇಕು. ತನ್ನಿಂದಾಗದ ಕೆಲಸವನ್ನು ಇನ್ನೊಬ್ಬರಿಗೆ ಒಪ್ಪಿಸಿ ಬಾಗಿ ಕೂರುವ ವಿನಯ ಈ ಆಟದ ನಿಯಮದಲ್ಲಿಯೇ ಇದೆಯೆಂದು ನಮಗೆ ಅಂದು ಹೊಳೆಯಿತು.

ದಸರೆಯ ರಜೆಯಲ್ಲಿ ಮಸ್ಕಿಗೆ ಹೋದೆವು. ಚಿನ್ನದ ಗಣಿಗಳ ಕೆಲಸದಲ್ಲಿದ್ದ ಬೀಡನ್ ಎಂಬ ಇಂಜಿನಿಯರು 1915ರಲ್ಲಿ ಅಲ್ಲಿನ ಬಂಡೆಯ ಮೇಲಿನ ಬರಹವನ್ನು ಕಂಡರು. ಅದುವರೆಗೆ ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳಿಂದಷ್ಟೇ ಶಾಸನಗಳಲ್ಲಿ ತಿಳಿದಿದ್ದ ಚಕ್ರವರ್ತಿಯ ಅಶೋಕನೆಂಬ ಹೆಸರು ಆ ಬಂಡೆಯಲ್ಲಿ ದೊರೆಯಿತು. ಉನ್ನತ ಪದವಿಯವರು ಮಾತ್ರವೇ ಶ್ರೇಯಸ್ಸನ್ನು ಪಡೆಯಬಲ್ಲರೆಂದು ತಿಳಿಯಬಾರದು, ಧರ್ಮದಲ್ಲಿ ನಿರತನಾದ ಸಾಮಾನ್ಯನಿಗೂ ಅದು ಸಾಧ್ಯ ಎಂಬುದು ಆ ಶಾಸನದ ತಾತ್ಪರ್ಯ. ಕಾಲೇಜು ಓದುವ ಮಗ ಗುಡ್ಡದ ಬಂಡೆಗಳನ್ನು ಹತ್ತುವಾಗ ತಂಗಿಗೆ ಕೈ ಕೊಡಲು ಬಾಗಿದ. ಅವಳು ಅವನಿಗಿಂತ ಮೊದಲೇ ಮೇಲೆ ನಿಂತಿದ್ದಳು.

ಅದೇ ಪ್ರವಾಸದಲ್ಲಿ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರಕ್ಕೂ ಹೋದೆವು. ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳ ಊರದು. ಕಲ್ಯಾಣದ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ದಾಸೋಹ ಮಾಡುತ್ತಿದ್ದ ಪತಿ ಒಂದು ದಿನ ಹೆಚ್ಚು ಅಕ್ಕಿ ತಂದಾಗ, ಅದು ನಮಗೆ ಸಲ್ಲದು, ಮರಳಿ ಸುರಿದು ಬನ್ನಿರೆಂದು ಹೇಳಿದ ಮಹಾತಾಯಿ ಲಕ್ಕಮ್ಮ. ನಮ್ಮ ಜಿಲ್ಲೆಯ ಹೆಣ್ಣುಮಗಳೊಬ್ಬಳು ಗಂಡನಿಗೆ ದಾರಿ ತೋರಿದ ಆ ಕಥೆಯನ್ನು ಆಲದ ನೆರಳಿನಲ್ಲಿ ಬುತ್ತಿ ಬಿಚ್ಚಿದಾಗ ಅವ್ವನವರೇ ಮಕ್ಕಳಿಗೆ ಹೇಳಿದರು. ನಾವು ಬಯಲಿಗೆ ಒಯ್ಯುವ ಗಂಟು ಅಂದಿನಿಂದ ಸಣ್ಣದಾಯಿತು.

ಡಿಸೆಂಬರ್ 30ರಂದು ಎಳ್ಳಮಾವಾಸ್ಯೆ. ಬಂಡಿಯಲ್ಲಿ ಹೊಲಕ್ಕೆ ಹೋಗಿ ಚರಗ ಚೆಲ್ಲಿ, ಸಜ್ಜೆರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಲೆ, ಶೇಂಗಾ ಹೋಳಿಗೆಗಳ ಊಟವನ್ನು ನೆರೆಹೊಲದವರೊಂದಿಗೆ ಹಂಚಿ ಉಂಡೆವು. ಊಟದ ನಂತರ ಹೊಲದಲ್ಲಿಯೇ ಖೋಖೋ ನಡೆಯಿತು. ಸೊಸೆಯಂದಿರೂ ಸೆರಗು ಬಿಗಿದು ಕುಳಿತರು. ಮುಂದಿನ ತಿಂಗಳು ದೆಹಲಿಯಲ್ಲಿ ಮೊದಲ ಖೋಖೋ ವಿಶ್ವಕಪ್ ನಡೆದು, 2025ರ ಜನವರಿ 19ರಂದು ಭಾರತದ ಮಹಿಳೆಯರು ನೇಪಾಳವನ್ನು 78-40 ಅಂಕಗಳಿಂದ ಸೋಲಿಸಿದರು. ಮೈಸೂರು ಜಿಲ್ಲೆಯ ಕುರುಬೂರು ಗ್ರಾಮದ ಬಿ. ಚೈತ್ರಾ ಆ ತಂಡದಲ್ಲಿದ್ದರು. ಆ ಪಂದ್ಯವನ್ನು ನಮ್ಮ ಮನೆಯ ದೂರದರ್ಶನದಲ್ಲಿ ನೋಡಲು ಬಂದವರಲ್ಲಿ ಮುನ್ನಿನ ಬಂಧುಗಳೂ ಇದ್ದರು. ಆಟ ಮುಗಿದ ಮೇಲೆ ಅವರು ನಮ್ಮ ಮಗಳನ್ನು ಕರೆದು, ಮೊಣಕಾಲು ವಾಸಿಯಾಯಿತೇನವ್ವ ಎಂದಷ್ಟೇ ಕೇಳಿದರು. ನಮಗೆ ಅಷ್ಟೇ ಸಾಕಾಯಿತು.

ಶಿವರಾತ್ರಿಗೆ ಶ್ರೀಶೈಲ. ಫೆಬ್ರವರಿ 26ರ ಮೊದಲೇ ತಲುಪುವಂತೆ ಆತ್ಮಕೂರಿನವರೆಗೆ ಬಸ್ಸಿನಲ್ಲಿ ಹೋಗಿ, ವೆಂಕಟಾಪುರದಿಂದ ನಲ್ಲಮಲ ಅರಣ್ಯದ ಕಾಲುದಾರಿ ಹಿಡಿದೆವು. ಅವ್ವನವರು ಬಸ್ಸಿನಲ್ಲೇ ಮುಂದೆ ಹೋದರು. ನಾಗಲೂಟಿ, ಪೆದ್ದಚೆರುವು, ಭೀಮುನಿಕೊಳ್ಳ, ಕೈಲಾಸದ್ವಾರ — ಈ ಹೆಸರುಗಳನ್ನು ನಮ್ಮ ಹಿರಿಯರು ಜಪದಂತೆ ಹೇಳುತ್ತಿದ್ದರು. ಹುಲಿಗಳಿಗಾಗಿ ಕಾಯ್ದಿಟ್ಟ ಕಾಡು ಅದು. ಗುಂಪು ಬಿಟ್ಟು ಹೋಗಲಾಗದು, ಬಳಸಿದ ಪ್ಲಾಸ್ಟಿಕ್ಕನ್ನು ಅಲ್ಲಿ ಎಸೆಯಲಾಗದು. ಭೀಮುನಿಕೊಳ್ಳದ ಕಣಿವೆಗೆ ಇಳಿದು ಮತ್ತೆ ಏರುವಾಗ ಮಾತು ನಿಲ್ಲುತ್ತದೆ, ಉಸಿರೊಂದೇ ಉಳಿಯುತ್ತದೆ. ಜಾತಿ, ಊರು, ಭಾಷೆ ಕೇಳದೆ ನೀರು ಕೊಡುವವರು, ಬಿದ್ದವರನ್ನು ಎತ್ತುವವರು ದಾರಿಯುದ್ದಕ್ಕೂ ಸಿಕ್ಕರು. ಎರಡನೆಯ ದಿನ ಮಗಳ ಅಂಗಾಲಿನಲ್ಲಿ ಬೊಬ್ಬೆಗಳೆದ್ದವು. ಇಲ್ಲಿಂದ ಹಿಂದಕ್ಕೆ ಹೋಗೋಣವೇ ಎಂದು ಕೇಳಿದೆವು. ಅವಳು ಬಟ್ಟೆ ಸುತ್ತಿಕೊಂಡು ಎದ್ದಳು. ಕೈಲಾಸದ್ವಾರದ ಮೆಟ್ಟಿಲು ಏರಿದಾಗ ಅವಳು ಅತ್ತಳು, ನಾವೂ ಅತ್ತೆವು. ಮರುದಿನ ದೋಣಿಯಲ್ಲಿ ಹೋಗಿ ಅಕ್ಕಮಹಾದೇವಿಯ ಗವಿಯನ್ನು ಕಂಡೆವು. ಎಂಟು ಶತಮಾನಗಳಿಗಿಂತ ಹಿಂದೆ, ದಾರಿಯಲ್ಲಿ ನೀರು ಕೊಡುವವರಿಲ್ಲದ ಕಾಲದಲ್ಲಿ, ಒಬ್ಬಂಟಿಯಾಗಿ ಈ ಕಾಡಿಗೆ ಬಂದ ತಾಯಿಯ ಧೈರ್ಯ ಎಷ್ಟೆಂಬುದು ಕಾಲು ನೊಂದ ಮೇಲೆಯೇ ಅರ್ಥವಾಗುತ್ತದೆ. ಓದಿದಾಗ ಅಷ್ಟು ಅರ್ಥವಾಗದು.

ಮಾರ್ಚ್ ತಿಂಗಳಲ್ಲಿ ಯುಗಾದಿಯ ಪಾದಯಾತ್ರಿಕರು ನಮ್ಮ ಸೀಮೆಯ ರಸ್ತೆಗಳಲ್ಲಿ ಸಾಗಿಬಂದರು. ಹೆಗಲ ಮೇಲೆ ಮಲ್ಲಯ್ಯನ ಕಂಬಿ ಹೊತ್ತವರು, ಮರಗಾಲು ಕಟ್ಟಿಕೊಂಡು ನಡೆವವರು, ಕೂಸನ್ನು ಎತ್ತಿಕೊಂಡ ತಾಯಂದಿರು. ಪ್ರತಿವರ್ಷದಂತೆ ರೊಟ್ಟಿ, ಪಲ್ಲೆ, ಮಜ್ಜಿಗೆಗಳ ದಾಸೋಹವಾಯಿತು. ಈ ಸಲ ಮಗಳು ಯಾರೂ ಹೇಳದೆ ಹಂಡೆಯಲ್ಲಿ ಉಪ್ಪು ಹಾಕಿದ ಬಿಸಿನೀರು ಕಾಯಿಸಿದಳು. ಬಾಗಲಕೋಟೆಯ ಕಡೆಯ ಒಬ್ಬ ವೃದ್ಧೆಯ ಕಾಲನ್ನು ಬೋಗುಣಿಯಲ್ಲಿಟ್ಟು, ಬೊಬ್ಬೆಯನ್ನು ಒಡೆಯಬಾರದೆಂದು ಹೇಳಿ, ಬಟ್ಟೆ ಕಟ್ಟುವ ರೀತಿಯನ್ನು ತೋರಿಸಿದಳು. ಹಿಂದಿನ ವರ್ಷಗಳಲ್ಲಿ ಅವಳು ಮಜ್ಜಿಗೆಯ ಲೋಟ ಹಂಚುತ್ತಿದ್ದಳು. ಈ ವರ್ಷ ನಡೆವವರ ನೋವನ್ನು ಬಲ್ಲವಳಾಗಿ ಅವರ ಕಾಲ ಬಳಿ ಕುಳಿತಿದ್ದಳು.

ವರ್ಷದ ಲೆಕ್ಕದಲ್ಲಿ ನಮಗೆ ಉಳಿದದ್ದು ಇದು. ಆಟವೂ ನಡಿಗೆಯೂ ಮೈಯನ್ನು ಗಟ್ಟಿಮಾಡುತ್ತವೆ. ಮನಸ್ಸನ್ನು ಮೃದು ಮಾಡುತ್ತವೆ. ದೇಹವೇ ದೇಗುಲವೆಂದು ನಂಬಿದ ಸಮಾಜವು ತನ್ನ ಹೆಣ್ಣುಮಕ್ಕಳ ದೇಹವನ್ನು ಮನೆಯ ಮೂಲೆಯಲ್ಲಿ ಕುಗ್ಗಿಸಿ ಇಡುವುದು ಆ ನಂಬಿಕೆಗೆ ಒಪ್ಪುವುದಿಲ್ಲ. ಇದಕ್ಕೆ ಹೆಚ್ಚಿನ ಹಣವೇನೂ ಬೇಕಾಗಿಲ್ಲ. ಪ್ರತಿಯೊಂದು ಊರಿನ ಸಮೀಪದಲ್ಲಿಯೂ ಹತ್ತಲು ಒಂದು ಗುಡ್ಡವೋ, ಓದಲು ಒಂದು ಶಾಸನವೋ, ಆಡಲು ಒಂದು ಬಯಲೋ ಇದ್ದೇ ಇರುತ್ತದೆ. ವಿಶ್ವಾವಸು ಸಂವತ್ಸರದ ಯುಗಾದಿಯಂದು ಬೇವುಬೆಲ್ಲ ಹಂಚಿದ ಮೇಲೆ ಅವ್ವನವರು ಮೊಮ್ಮಗಳ ಕೈಗೆ ಒಂದು ಜೊತೆ ಹೊಸ ಬೂಟುಗಳನ್ನಿತ್ತರು. ಓದುಗ ಶರಣಬಂಧುಗಳ ಮನೆಗಳಲ್ಲಿಯೂ ಅಂಥ ಉಡುಗೊರೆಯೊಂದು ಮಗಳಿಗೆ ದೊರೆಯಲಿ ಎಂದು ಹಾರೈಸುತ್ತೇವೆ. ಶರಣು ಶರಣಾರ್ಥಿ.