ಧಾರವಾಡವೋ ದಾಪೋಲಿಯೋ

ಮಗಳು ಹನ್ನೆರಡನೆಯ ತರಗತಿಗೆ ಬಂದ ವರ್ಷ ನಮ್ಮ ಡೊಂಬಿವಲಿಯ ಮನೆಯಲ್ಲಿ ಎರಡು ಊರುಗಳ ಹೆಸರು ದಿನವೂ ಕೇಳಿಬರುತ್ತಿದ್ದವು: ಧಾರವಾಡ ಮತ್ತು ದಾಪೋಲಿ. ಅವಳಿಗೆ ಬೇಕಾಗಿದ್ದುದು ಕೃಷಿ ಪದವಿ. ಬಾಲ್ಕನಿಯ ಕುಂಡಗಳಾಚೆ ಮಣ್ಣು ಮುಟ್ಟದ ಹುಡುಗಿಗೆ ಈ ಹಂಬಲ ಎಲ್ಲಿಂದ ಬಂತೆಂದು ನೆರೆಹೊರೆಯವರು ಕೇಳಿದರೆ, ‘ಒಕ್ಕಲುತನದ ಮನೆತನವಲ್ಲವೇ’ ಎಂದು ನಾವು ಹೆಮ್ಮೆಯಿಂದಲೇ ಹೇಳುತ್ತಿದ್ದೆವು. ಅಣ್ಣಿಗೇರಿಯ ಹತ್ತಿರದ ಆರು ಎಕರೆ ಎರೆಹೊಲವನ್ನು 2013ರಲ್ಲಿ ಮಾರಿ, ಆ ಹಣದಿಂದಲೇ ಈ ಮನೆಯ ಸಾಲ ತೀರಿಸಿದ್ದನ್ನು ಮಾತ್ರ ಹೇಳುತ್ತಿರಲಿಲ್ಲ.

ನಮ್ಮ ಮನಸ್ಸು ಧಾರವಾಡದ ಕಡೆಗಿತ್ತು. ಅದಕ್ಕೆ ನಾವು ಕಾರಣಗಳನ್ನೂ ಒಟ್ಟುಗೂಡಿಸಿಕೊಂಡಿದ್ದೆವು. ಅಲ್ಲಿಯ ಕೃಷಿ ಮಹಾವಿದ್ಯಾಲಯ 1947ರಷ್ಟು ಹಳೆಯದು. ಆಗ ಧಾರವಾಡವೂ ಮುಂಬಯಿ ಪ್ರಾಂತಕ್ಕೇ ಸೇರಿತ್ತು. ಕೃಷಿ ವಿಶ್ವವಿದ್ಯಾಲಯವಾದದ್ದು 1986ರಲ್ಲಿ. ವರಲಕ್ಷ್ಮಿ ಎಂಬ ಹೆಸರಾಂತ ಸಂಕರಣ ಹತ್ತಿ 1970ರ ದಶಕದಲ್ಲಿ ಹೊರಬಂದದ್ದು ಧಾರವಾಡದ ಸಂಶೋಧನೆಯಿಂದಲೇ. ನಮ್ಮ ಹಿರಿಯರು ಹಿಂಗಾರಿಗೆ ಬಿತ್ತುತ್ತಿದ್ದ ಕಡಲೆಯ ತಳಿಯ ಹೆಸರೇ ‘ಅಣ್ಣಿಗೇರಿ-1’. ಇಷ್ಟೆಲ್ಲ ಇರುವಾಗ ಬೇರೆ ವಿಚಾರವೇಕೆ ಎಂಬುದು ನಮ್ಮ ವಾದವಾಗಿತ್ತು.

ದಾಪೋಲಿಯನ್ನು ತಳ್ಳಿಹಾಕುವುದೂ ಸುಲಭವಿರಲಿಲ್ಲ. ಕೊಂಕಣದ ಆ ಕೃಷಿ ವಿದ್ಯಾಪೀಠ 1972ರಿಂದ ಇದೆ. ನೀಲಂ ಮತ್ತು ಆಪೂಸು ಮಾವುಗಳನ್ನು ಕೂಡಿಸಿ ಮಾಡಿದ ‘ರತ್ನಾ’ ತಳಿ ಅದರ ವೆಂಗುರ್ಲಾ ಕೇಂದ್ರದ ಕೊಡುಗೆ. ಪಠ್ಯಕ್ರಮದ ಚೌಕಟ್ಟನ್ನು ಭಾರತೀಯ ಕೃಷಿ ಅನುಸಂಧಾನ ಪರಿಷತ್ತು ಇಡೀ ದೇಶಕ್ಕೆ ರೂಪಿಸುವುದರಿಂದ ಎರಡೂ ಕಡೆ ನಾಲ್ಕು ವರ್ಷ ಓದುವ ವಿಷಯಗಳು ಬಹುಮಟ್ಟಿಗೆ ಒಂದೇ, ಪಾಠದ ಭಾಷೆಯೂ ಇಂಗ್ಲಿಷೇ. ವ್ಯತ್ಯಾಸವಿದ್ದುದು ತರಗತಿಯ ಹೊರಗೆ: ಅಲ್ಲಿ ಎರೆಮಣ್ಣು, ಇಲ್ಲಿ ಜಂಬಿಟ್ಟಿಗೆ, ಅಲ್ಲಿ ಹತ್ತಿ, ಜೋಳ, ಕಡಲೆ, ಇಲ್ಲಿ ಭತ್ತ, ಮಾವು, ಗೇರು.

ಕರ್ನಾಟಕದ ಸಿಇಟಿಯಲ್ಲಿ ಹೊರನಾಡ ಕನ್ನಡಿಗರಿಗೆ ಒಂದು ಬಾಗಿಲಿದೆ. ಆದರೆ ಅದನ್ನು ದಾಟಲು ಕನ್ನಡ ಭಾಷಾ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಪ್ರಾಥಮಿಕ ಶಾಲೆಯ ಮಟ್ಟದ ಪರೀಕ್ಷೆ ಅದು. ನಮ್ಮ ಮಗಳು ಕನ್ನಡವನ್ನು ನಿರರ್ಗಳವಾಗಿ ಆಡುತ್ತಿದ್ದಳು, ಆದರೆ ಒಂದಕ್ಷರವನ್ನೂ ಓದಲಾರಳು. ಸಂಘದ ವಾರ್ಷಿಕೋತ್ಸವಗಳಲ್ಲಿ ಅವಳಿಂದ ಕನ್ನಡ ಪದ್ಯ ಹೇಳಿಸಿ ಚಪ್ಪಾಳೆ ತಟ್ಟಿದ ನಾವು, ಆ ಪದ್ಯಗಳನ್ನು ಅವಳು ದೇವನಾಗರಿಯಲ್ಲಿ ಬರೆದುಕೊಂಡು ಉರುಹಚ್ಚುತ್ತಿದ್ದುದನ್ನು ಕಂಡೂ ಸುಮ್ಮನಿದ್ದೆವು. ಹದಿನೇಳು ವರ್ಷ ಮುಂದೂಡಿದ ಕೆಲಸವನ್ನು ಒಂದು ಅರ್ಜಿ ಮಾಡಿಸಿತು.

ದೀಪಾವಳಿಯ ರಜೆಯಲ್ಲಿ ಅಕ್ಷರಾಭ್ಯಾಸ ಆರಂಭವಾಯಿತು. ಮರಾಠಿಯಲ್ಲಿಯೂ ‘ಳ’ ಇರುವುದರಿಂದ ‘ಬೆಲೆ’, ‘ಬೆಳೆ’ ಅವಳಿಗೆ ತೊಡಕಾಗಲಿಲ್ಲ. ತೊಡಕಾದದ್ದು ‘ಎ’ ಮತ್ತು ‘ಏ’, ‘ಒ’ ಮತ್ತು ‘ಓ’. ಒಂದೇ ‘ಏ’, ಒಂದೇ ‘ಓ’ ಬರೆದು ರೂಢಿಯಾದ ಕೈ ‘ಕೊಡು’ ಎಂಬಲ್ಲಿ ‘ಕೋಡು’ ಎಂದೇ ಬರೆಯುತ್ತಿತ್ತು. ಫೆಬ್ರವರಿಯ ಹೊತ್ತಿಗೆ ನಾವು ಮೂವರೂ ಕೂಡಿ ಒಂದು ಪುಟವನ್ನು ಅರ್ಧ ಗಂಟೆಯಲ್ಲಿ ಓದುವಂತಾದೆವು. ಬೆಳಗಾವಿಗೆ ಹೋಗಿ ಪರೀಕ್ಷೆ ಬರೆದು ಬಂದಳು, ತೇರ್ಗಡೆಯಾದಳು. ಮಹಾರಾಷ್ಟ್ರದ ಸಿಇಟಿಯಲ್ಲಿಯೂ ಒಳ್ಳೆಯ ಅಂಕಗಳೇ ಬಂದವು.

ಆಯ್ಕೆಯ ಪಟ್ಟಿ ತುಂಬುವ ರಾತ್ರಿ ನಾವು ಧಾರವಾಡದ ಹೆಸರನ್ನು ಮೊದಲು ಹಾಕಲು ಹೇಳಿದೆವು. ಅವಳು ಲ್ಯಾಪ್‌ಟಾಪನ್ನು ಬದಿಗೆ ಸರಿಸಿ ಕೇಳಿದಳು: ‘ಅಪ್ಪಾ, ಅಮ್ಮಾ, ಧಾರವಾಡಕ್ಕ ನಾ ಹೋಗಬೇಕೋ, ನೀವು ಹೋಗಬೇಕೋ?’

ನಮ್ಮಿಬ್ಬರಿಗೂ ಉತ್ತರ ಹೊಳೆಯಲಿಲ್ಲ. ಅವಳೇ ಮುಂದುವರಿಸಿದಳು: ‘ನಾಲ್ಕನೇ ವರ್ಷ ಹಳ್ಳ್ಯಾಗ ಇದ್ದು ರೈತರ ಜೋಡಿ ಕೆಲಸ ಮಾಡಬೇಕು. ಯಾವ ರೋಗಕ್ಕ ಯಾವ ಔಷಧ, ಎಷ್ಟು ಹಾಕಬೇಕು ಅಂತ ಬರದು ಕೊಡಬೇಕು. ಮರಾಠಿಯೊಳಗ ನನಗ ಅದು ಬರ್ತದ. ಕನ್ನಡದಾಗ ನಾ ಇನ್ನೂ ನಾಲ್ಕನೇ ಈಯತ್ತೆ. ಒಂದು ಅಕ್ಷರ ತಪ್ಪಿದ್ರ ಬೆಳಿ ಹೋಗೂದು ಅವರದು.’

ಗ್ರಾಮೀಣ ಕೃಷಿ ಕಾರ್ಯಾನುಭವ ಎಂಬ ಆ ಭಾಗ ಕೃಷಿ ಪದವಿಯಲ್ಲಿ ಎಲ್ಲೆಡೆಯೂ ಇದೆ. ನಾವು ಪಠ್ಯಕ್ರಮ ನೋಡಿದ್ದೆವು, ವಸತಿಗೃಹ ವಿಚಾರಿಸಿದ್ದೆವು, ರಾತ್ರಿಯ ಬಸ್ಸಿನ ವೇಳೆಯನ್ನೂ ಕೇಳಿಟ್ಟಿದ್ದೆವು. ಆ ಒಂದು ಸಾಲನ್ನು ದಾಟಿ ಮುಂದೆ ಹೋಗಿದ್ದೆವು. ಧಾರವಾಡದಲ್ಲಿ ಮಗಳಿದ್ದರೆ ವರ್ಷಕ್ಕೆ ನಾಲ್ಕು ಸಲ ಊರಿಗೆ ಹೋಗಲು ನಮಗೊಂದು ನೆಪ ಸಿಗುತ್ತಿತ್ತು. ಹೊಲ ಮಾರಿದ ಮೇಲೆ ಅಣ್ಣಿಗೇರಿಯಲ್ಲಿ ಬಸ್ಸಿಳಿಯಲು ನಮಗೆ ಯಾವ ಕಾರಣವೂ ಉಳಿದಿರಲಿಲ್ಲ. ಆ ಕಾರಣವನ್ನು ನಾವು ಅವಳ ನಾಲ್ಕು ವರ್ಷಗಳಲ್ಲಿ ಹುಡುಕುತ್ತಿದ್ದೆವು. ಪಟ್ಟಿಯಲ್ಲಿ ದಾಪೋಲಿಯೇ ಮೊದಲಾಯಿತು. ಸೀಟೂ ಅಲ್ಲಿಯೇ ದೊರೆಯಿತು.

ಕನ್ನಡ ಸೋತಿತೆಂದು ಕೆಲವು ಆಪ್ತರು ನೊಂದುಕೊಂಡರು. ನಮಗೂ ಮೊದಲು ಹಾಗೆಯೇ ಅನಿಸಿತ್ತು. ಈಗ ಅನಿಸುವುದಿಲ್ಲ. ಮಕ್ಕಳಿಗೆ ಅಕ್ಷರ ಕಲಿಸುವ ಹೊಣೆ ನಮ್ಮದಾಗಿತ್ತು, ಯಾವ ವಿಶ್ವವಿದ್ಯಾಲಯದ್ದೂ ಆಗಿರಲಿಲ್ಲ. ಈ ವರ್ಷ ಅರ್ಜಿ ತುಂಬುತ್ತಿರುವ ಹೊರನಾಡಿನ ತಂದೆತಾಯಿಗಳಿಗೆ ಹೇಳಲು ನಮ್ಮಲ್ಲಿರುವುದು ಎರಡೇ ಮಾತು: ಕನ್ನಡ ಪರೀಕ್ಷೆಯ ದಿನಾಂಕ ಬರುವವರೆಗೆ ಕಾಯದೆ ಅಕ್ಷರ ಕಲಿಸಿ, ಕಲಿಸಿದ ಮೇಲೆ ಅದರ ಋಣವನ್ನು ಸೀಟಿನ ರೂಪದಲ್ಲಿ ಕೇಳಬೇಡಿ.

ಅವಳು ದಾಪೋಲಿಗೆ ಹೋದ ಮೊದಲ ವಾರ ನಮ್ಮ ಫೋನಿಗೆ ಕನ್ನಡ ಲಿಪಿಯಲ್ಲಿ ಒಂದು ಸಂದೇಶ ಬಂತು: ‘ಇಲ್ಲಿ ಮಳಿ ಭಾಳ ಅದ. ಕೋಡಿ ತಗೊಂಡೇನಿ.’ ಕೊಡೆ ಅಲ್ಲಿ ಕೋಡಿಯಾಗಿತ್ತು. ತಿದ್ದಬೇಕೆಂದು ಇಬ್ಬರಿಗೂ ಅನಿಸಿತು. ತಿದ್ದದೆ, ‘ಛಲೋ ಆತು’ ಎಂದಷ್ಟೇ ಬರೆದೆವು.