ಲ್ಯಾಮಿಂಗ್ಟನ್ ರಸ್ತೆಯಲ್ಲಿ ಒಂದು ಶನಿವಾರ

ಮುಂಬಯಿಯ ಎಷ್ಟೋ ರಸ್ತೆಗಳಿಗೆ ಎರಡೆರಡು ಹೆಸರು. ಫಲಕದ ಮೇಲೆ ಒಂದು, ಜನರ ಬಾಯಲ್ಲಿ ಇನ್ನೊಂದು. 1903ರಿಂದ 1907ರವರೆಗೆ ಇಲ್ಲಿ ಗವರ್ನರಾಗಿದ್ದ ಲಾರ್ಡ್ ಲ್ಯಾಮಿಂಗ್ಟನ್ನನ ಹೆಸರಿನ ರಸ್ತೆಯು ಡಾಕ್ಟರ್ ದಾದಾಸಾಹೇಬ ಭಡಕಮಕರ ಮಾರ್ಗವಾಗಿ ಬಹುಕಾಲವಾಯಿತು. ಆದರೂ ಕಂಪ್ಯೂಟರಿನ ಬಿಡಿಭಾಗ ಬೇಕಾದವನು ಇಂದಿಗೂ ಹೋಗುವುದು ಲ್ಯಾಮಿಂಗ್ಟನ್ ರೋಡಿಗೇ.

2024ರಲ್ಲಿ ನಾನು ಹೋದದ್ದು ಅಕ್ಕನ ಮಗನಿಗಾಗಿ. ಭಾವನವರು ತೀರಿಕೊಂಡ ಮೇಲೆ ಹುಡುಗ ನಮ್ಮಲ್ಲಿಯೇ ಇದ್ದು ಓದುತ್ತಿದ್ದಾನೆ. ತನಗಾಗಿ ಏನನ್ನೂ ಬಾಯಿಬಿಟ್ಟು ಕೇಳಿದವನಲ್ಲ. ಹನ್ನೆರಡನೆಯ ತರಗತಿ ಪಾಸಾದಾಗ ನಾನೇ ಒತ್ತಾಯಿಸಿದ ಮೇಲೆ, ಆಟವಾಡಲು ಬರುವಂಥ ಕಂಪ್ಯೂಟರು ಎಂದ. ಮಿಕ್ಕ ಸಾಮಾನೆಲ್ಲ ಹೇಗೋ ಒದಗಿತು. ಉಳಿದದ್ದು ಗ್ರಾಫಿಕ್ಸ್ ಕಾರ್ಡು. ಅದಕ್ಕೆಂದು ಮೂವತ್ತು ಸಾವಿರ ತೆಗೆದಿಟ್ಟಿದ್ದೆ. ಗುಮಾಸ್ತನ ಮೂವತ್ತು ಸಾವಿರವೆಂದರೆ ಏನೆಂಬುದನ್ನು ವಾಚಕರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಭಾನುವಾರ ಆ ರಸ್ತೆಯ ಬಹುಪಾಲು ಅಂಗಡಿಗಳು ಮುಚ್ಚಿರುತ್ತವೆ. ಆದುದರಿಂದ ಶನಿವಾರವೇ ದಾದರಿನಲ್ಲಿ ಸ್ಲೋ ಗಾಡಿ ಹಿಡಿದು ಗ್ರ್ಯಾಂಟ್ ರೋಡಿನಲ್ಲಿ ಇಳಿದು, ಪೂರ್ವದ ಕಡೆ ನಡೆದೆವು. 1975ರಲ್ಲಿ ತೆರೆಕಂಡ 'ಷೋಲೆ' ಐದು ವರ್ಷ ಓಡಿದ ಮಿನರ್ವಾ ಚಿತ್ರಮಂದಿರ ಇದೇ ರಸ್ತೆಯಲ್ಲಿತ್ತು, ಈಗಿಲ್ಲ. ಈಗ ಇರುವುದು ವೈರು, ಕ್ಯಾಮೆರಾ, ಕೀಬೋರ್ಡು, ಧ್ವನಿವರ್ಧಕ; ಕೈಗಾಡಿಗಳ ನಡುವೆ ದಾರಿ ಮಾಡಿಕೊಂಡು ನುಗ್ಗುವ ಜನ. ಒಂದಾಳಗಲದ ಅಂಗಡಿಯಲ್ಲಿ ಮೂವರು ಕುಳಿತು ಲಕ್ಷದ ಮಾತಾಡುತ್ತಾರೆ.

ಮೊದಲನೆಯ ಅಂಗಡಿಯವನು ನಮ್ಮ ಮುಖ ನೋಡಿಯೇ ಜೇಬನ್ನು ಅಳೆದನೆಂದು ಕಾಣುತ್ತದೆ. ಹಳೆಯ ಜಿಟಿಎಕ್ಸ್ 1080 ಕಾರ್ಡುಗಳೆರಡನ್ನು ಮೇಜಿನ ಮೇಲಿಟ್ಟು, ಅವನ್ನು ಜೋಡಿಸುವ ಪಟ್ಟಿಯನ್ನೂ ತೋರಿಸಿ, "ಎಂಟೂ ಎಂಟೂ ಹದಿನಾರು ಜಿಬಿ ಸಾಹೇಬ, ಎರಡಕ್ಕೂ ಸೇರಿ ಇಪ್ಪತ್ತೆರಡು ಸಾವಿರ" ಎಂದ. ಹೊಸ ಆರ್‌ಟಿಎಕ್ಸ್ 4060 ಒಂದಕ್ಕೇ ಮೂವತ್ತು. ಅದರಲ್ಲಿರುವುದೂ ಎಂಟೇ ಜಿಬಿ. ಎಂಟು ಸಾವಿರ ಉಳಿಯುತ್ತದೆ, ಮೇಲೆ ಜೋಡೆತ್ತು! ನನ್ನ ಮನಸ್ಸು ಆಗಲೇ ವಾಲಿತ್ತು. "ಏನಪ್ಪಾ?" ಎಂದೆ. "ನಿಮಗೆ ಸರಿಕಂಡಂತೆ, ಮಾವ" ಎಂದ ಹುಡುಗ.

ನಾಲ್ಕು ಕಡೆ ವಿಚಾರಿಸದೆ ಕೊಳ್ಳದಿರುವುದು ನಮ್ಮ ಮನೆತನದ ಚಾಳಿ. ಮಹಡಿಯ ಮೇಲೊಬ್ಬ ಮುದುಕರು ರಿಪೇರಿಗೆ ಕುಳಿತಿದ್ದರು. ನಾನು ಸರಕಾರಿ ನೌಕರನೆಂದು ತಿಳಿದು ನನ್ನ ಭಾಷೆಯಲ್ಲಿಯೇ ವಿವರಿಸಿದರು.

"ಕಚೇರಿಯಲ್ಲಿ ಇಬ್ಬರು ಗುಮಾಸ್ತರಿದ್ದಾರೆನ್ನಿ. ಒಂದು, ಮೂರು, ಐದನೆಯ ಹಾಳೆ ಒಬ್ಬನಿಗೆ. ಎರಡು, ನಾಲ್ಕು, ಆರನೆಯದು ಇನ್ನೊಬ್ಬನಿಗೆ. ಜೋಡಿ ಕಾರ್ಡುಗಳು ಚಿತ್ರ ಬರೆಯುವುದು ಹೆಚ್ಚಾಗಿ ಹೀಗೆಯೇ. ಆದರೆ ಇಬ್ಬರ ಮೇಜಿನ ಮೇಲೂ ಇಡೀ ಫೈಲಿನ ಪ್ರತಿ ಇರಲೇಬೇಕು. ಆದ್ದರಿಂದ ಎಂಟೂ ಎಂಟೂ ಇಲ್ಲಿ ಎಂಟೇ! ಒಬ್ಬನ ಹಾಳೆ ಬೇಗ, ಒಬ್ಬನದು ತಡವಾದರೆ ಆಟ ಮುಗ್ಗರಿಸುತ್ತದೆ."

ಎನ್ವಿಡಿಯಾದವರು ಈ ಜೋಡಿ ಪದ್ಧತಿಯನ್ನು 2004ರಲ್ಲಿ ತಂದರಂತೆ. ಒಂದೊಂದು ಆಟಕ್ಕೂ ಕೆಲಸ ಹಂಚುವ ಕ್ರಮವನ್ನು ಅವರೇ ಬರೆದುಕೊಡುತ್ತಿದ್ದರು; 2021ರ ಜನವರಿ 1ರಿಂದ ಹೊಸ ಆಟಗಳಿಗೆ ಅದನ್ನು ನಿಲ್ಲಿಸಿದರು. ಆಟ ಬರೆದವರೇ ಏರ್ಪಾಡು ಮಾಡಿದ್ದರುಂಟು, ಇಲ್ಲವಾದರೆ ಎರಡನೆಯ ಕಾರ್ಡು ಹಾಜರಿ ಹಾಕಿ ಸುಮ್ಮನೆ ಕೂರುತ್ತದೆ. (ಅಂಥವರನ್ನು ನಾನೂ ಕಂಡಿದ್ದೇನೆ.) ಹಳೆಯದು ಒಂದೊಂದಕ್ಕೆ 180 ವಾಟ್, ಎರಡಕ್ಕೆ 360, ಹೊಸದಕ್ಕೆ 115. ನಮ್ಮ ಹಳೆಯ ಪವರ್ ಸಪ್ಲೈ ಆ ಜೋಡಿಯನ್ನು ತಾಳುವಂತಿರಲಿಲ್ಲ. ಉಳಿಸಿದ ಹಣದಲ್ಲಿ ಮುಕ್ಕಾಲು ಪಾಲು ಅದಕ್ಕೇ ಹೋಗುತ್ತಿತ್ತು.

ಮೆಟ್ಟಿಲಿಳಿಯುತ್ತ ಹುಡುಗನನ್ನು ಕೇಳಿದೆ: "ಇದೆಲ್ಲ ನಿನಗೆ ಗೊತ್ತಿತ್ತೇ?"

"ಗೊತ್ತಿತ್ತು, ಮಾವ."

"ಮತ್ತೆ ಹೇಳಲಿಲ್ಲವೇಕೆ?"

"ಎಂಟು ಸಾವಿರ ಉಳಿಯುತ್ತದೆಂದು ನಿಮಗೆ ಸಂತೋಷವಾಗಿತ್ತು."

ನಾನು ಉತ್ತರ ಕೊಡಲಿಲ್ಲ. ಮೂರನೆಯ ಅಂಗಡಿಯಲ್ಲಿ ಹೊಸದೊಂದನ್ನು ಬಿಲ್ಲು, ವಾರಂಟಿ ಸಹಿತ ಕೊಂಡೆವು. ಐನೂರು ರೂಪಾಯಿ ಇಳಿಸಿದ. ಸ್ಟೇಷನ್ನಿನ ಹತ್ತಿರ ಇಬ್ಬರೂ ವಡಾ-ಪಾವ್ ತಿಂದೆವು. ಅವನಿಗೆ ಎರಡನೆಯದು ಬೇಕೇ ಎಂದಾಗ, ಅಂದು ಮೊದಲ ಬಾರಿಗೆ, ಸಂಕೋಚವಿಲ್ಲದೆ "ಬೇಕು" ಎಂದ. ಗಾಡಿಯಲ್ಲಿ ಕೂರಲು ಜಾಗ ಸಿಗಲಿಲ್ಲ. ದಾದರಿನವರೆಗೂ ಆ ಪೆಟ್ಟಿಗೆಯನ್ನು ಎದೆಗವಚಿಕೊಂಡು ನಿಂತಿದ್ದ.