ಹಿತ್ತಲ ಲೆಕ್ಕ – ಭಾಗ 6: ಬೇಲಿಗೆ ಬಂದರೆ ಗಿಡ

"ಬೇಗ ಬೆಳೀಬೇಕು, ವರ್ಷವಿಡೀ ಹಸಿರಾಗಿರಬೇಕು, ಆಚೆ ಮನೆಯವರಿಗೆ ಒಳಗಡೆ ಕಾಣಬಾರದು. ಯಾವ ಗಿಡ ಹಾಕಲಿ?" ಕ್ಲಾಸಲ್ಲಿ ಈ ವಾರ ಮೂರು ಜನ ಕೇಳಿದ್ರು. ಉತ್ತರ ಇಲ್ಲಿದೆ, ಪೂರ್ತಿ ಓದಿ.

ನರ್ಸರಿಗೆ ಹೋದ್ರೆ ಕೊನೊಕಾರ್ಪಸ್ ತೋರಿಸ್ತಾರೆ. ಸರ್ರನೆ ಮೇಲೇಳುತ್ತೆ, ನಿಜ. ಆದರೆ ಬೇರು ಪೈಪು, ಕೇಬಲ್ ಹಾಳು ಮಾಡುತ್ತೆ, ಪರಾಗದಿಂದ ಅಲರ್ಜಿ ಆಗುತ್ತೆ ಅಂತ ಗುಜರಾತ್ ಸರ್ಕಾರ 2023ರಲ್ಲಿ ಅದನ್ನ ನೆಡೋದನ್ನೇ ನಿಷೇಧಿಸಿತು. ನಮಗೂ ಈ ಪಾಠ ಹೊಸದಲ್ಲ. ಬೇಗ ಬೆಳೆಯುತ್ತೆ ಅಂತಲೇ ಮಾಲೂರು, ಕೋಲಾರದ ಹೊಲಗಳಿಗೆ ನೀಲಗಿರಿ ಬಂತು. ಅಂತರ್ಜಲದ ಚಿಂತೆಯಿಂದ 2017ರಲ್ಲಿ ಕರ್ನಾಟಕ ಸರ್ಕಾರ ಹೊಸದಾಗಿ ನೀಲಗಿರಿ ಬೆಳೆಸೋದನ್ನ ನಿಷೇಧಿಸಿತು.

ನಮ್ಮನೆ ಇರೋದು ಶ್ರೀನಿವಾಸಪುರ ತಾಲ್ಲೂಕಿನಲ್ಲಿ. ಹಿಂದೆ ಮಾವಿನ ತೋಪಿದ್ದ ಜಾಗ ಲೇಔಟ್ ಆಯ್ತು, ಮಹಡಿ ಮನೆಗಳೆದ್ದವು. ಅಮ್ಮ ಹಿತ್ತಲಲ್ಲಿ ಕೂತು ತಲೆ ಒಣಗಿಸಿಕೊಳ್ಳೋದನ್ನೇ ಬಿಟ್ಟುಬಿಟ್ಟರು. ಕಾಂಪೌಂಡಿಗೆ ಮೇಸ್ತ್ರಿ ಹೇಳಿದ ಮೊತ್ತ ನನ್ನ ಒಂದು ವರ್ಷದ ಫೀಸಿಗಿಂತ ಜಾಸ್ತಿ.

ಬಿಕಾಂ ಬುದ್ಧಿ ಇಲ್ಲಿ ಉಪಯೋಗಕ್ಕೆ ಬಂತು. ಸಸಿಯ ಬೆಲೆ ಒಂದು ಸಲದ ಖರ್ಚು. ನೀರು ಮಾತ್ರ ಪ್ರತಿ ಬೇಸಿಗೆಯ ಖರ್ಚು. ವರ್ಷವಿಡೀ ಹರಿಯೋ ನದಿ ಇಲ್ಲದ ಜಿಲ್ಲೆ ನಮ್ಮದು. ಕೆ.ಸಿ. ವ್ಯಾಲಿ ನೀರು 2018ರಿಂದ ಕೆರೆಗಳಿಗೆ ಬರ್ತಿದೆ, ಹಿತ್ತಲ ನಲ್ಲಿಗಲ್ಲ. ಹಾಗಾಗಿ ಗಿಡ ಆರಿಸೋವಾಗ "ಎಷ್ಟು ಬೇಗ" ಅಂತ ಕೇಳೋ ಮುಂಚೆ "ಎಷ್ಟು ಬಿಂದಿಗೆ" ಅಂತ ಕೇಳಿ.

ಅಂತರಗಂಗೆ ಬೆಟ್ಟ ಹತ್ತಿದೋರೆಲ್ಲ ಈ ಗಿಡ ನೋಡಿರ್ತೀರಿ. ಅಂಟಂಟು ಎಲೆ, ರೆಕ್ಕೆ ಇರೋ ಪೇಪರಿನಂಥ ಕಾಯಿ. ಬಂದರೆ ಗಿಡ, ಕೆಲವು ಕಡೆ ಬಂದರಿಕೆ ಅಂತಾರೆ. ಸಸ್ಯಶಾಸ್ತ್ರದಲ್ಲಿ ಡೊಡೊನಿಯಾ ವಿಸ್ಕೋಸಾ. ಮಳೆ ಬಂದರೆ ಬರಲಿ ಅನ್ನೋ ಥರ ಕಲ್ಲಲ್ಲೇ ನಿಂತಿರುತ್ತೆ. ದನ, ಮೇಕೆ ಸಾಮಾನ್ಯವಾಗಿ ಮುಟ್ಟಲ್ಲ. ಆಸ್ಟ್ರೇಲಿಯಾ, ನ್ಯೂಜಿಲೆಂಡಲ್ಲಿ ಇದೇ ಗಿಡವನ್ನ ದುಡ್ಡು ಕೊಟ್ಟು ತಂದು ಬೇಲಿ ಕಟ್ಟುತ್ತಾರೆ!

ಬೆಳೆಸೋದು ಹೀಗೆ:

🌱 ಬೆಟ್ಟದ ಗಿಡ ಕೀಳಬೇಡಿ. ಹೊಲದ ಬದುವಿನಲ್ಲಿ ಕಂದು ಬಣ್ಣಕ್ಕೆ ಒಣಗಿದ ಕಾಯಿ ಸಿಗುತ್ತೆ, ಉಜ್ಜಿ ಬೀಜ ತೆಗೀರಿ.

🌱 ಬೀಜದ ಸಿಪ್ಪೆ ಗಟ್ಟಿ. ಕುದಿಸಿದ ನೀರು ಸುರಿದು ಒಂದು ರಾತ್ರಿ ನೆನೆಯೋಕೆ ಬಿಟ್ಟು, ಹಾಲಿನ ಕವರಲ್ಲಿ ಬಿತ್ತಿ.

🌱 ಮುಂಗಾರಲ್ಲಿ ಎರಡೂವರೆ ಅಡಿಗೊಂದು ನೆಡಿ. ನಮ್ಮ 40 ಅಡಿಗೆ 17 ಗಿಡ. ಬಿಸಿಲು ಬೇಕು, ನೀರು ನಿಲ್ಲಬಾರದು.

🌱 ಮೊದಲ ಬೇಸಿಗೆ ಮಾತ್ರ ವಾರಕ್ಕೊಮ್ಮೆ ನೀರು. ಪಾತ್ರೆ ತೊಳೆದ ನೀರಲ್ಲೇ ನಮ್ಮದು ಬದುಕಿತು.

🌱 ಒಂದಡಿ ಆದಾಗ ತುದಿ ಚಿವುಟಿ. ಇಲ್ಲಾಂದ್ರೆ ಕೋಲಿನ ಥರ ಮೇಲೆ ಹೋಗುತ್ತೆ, ಬುಡ ಬೋಳಾಗುತ್ತೆ.

ಎರಡು ಮಳೆಗಾಲಕ್ಕೆ ನಮ್ಮ ಬೇಲಿ ನನ್ನ ಎದೆಮಟ್ಟ. ಕೂತವರು ಆಚೆಗೆ ಕಾಣಲ್ಲ, ಅಷ್ಟು ಸಾಕು. ಮೇಲಿನ ಮಹಡಿಯಿಂದ ಇನ್ನೂ ಕಾಣುತ್ತೆ. ಅದಕ್ಕೆ ಇನ್ನೊಂದೆರಡು ವರ್ಷ ಕಾಯಬೇಕು.

ಈ ಸಲ ಬೀಜ ಜಾಸ್ತಿ ಸಿಕ್ಕಿದೆ. ಮುಳಬಾಗಿಲು ಬಸ್ಸಲ್ಲಿ ಬರೋರು, ಮಾಲೂರಿನೋರು, ಯಾರಿಗೆ ಬೇಕೋ ಸೋಮವಾರ ಕೇಳಿ. ಪೊಟ್ಟಣ ಕಟ್ಟಿ ಕೊಡ್ತೀನಿ, ಫ್ರೀ.

#ಹಿತ್ತಲಲೆಕ್ಕ #ಬಂದರೆಗಿಡ #ನಮ್ಮಕೋಲಾರ